ಮುಖ್ಯ ಶಿಕ್ಷಕರನ್ನು ತರಗತಿಗೆ ಮರಳಿಸಿ

ಮಾನ್ಯರೇ,

ಮೊಮ್ಮಗಳನ್ನು ಬಿಡಲು ನಮ್ಮೂರ ಸರ್ಕಾರಿ ಶಾಲೆಗೆ ದಿನವೂ ಹೋಗುತ್ತೇನೆ. ಮೊನ್ನೆ ಮುಖ್ಯ ಶಿಕ್ಷಕಿ ಒಂದು ಕೈಯಲ್ಲಿ ಮೊಟ್ಟೆ ಲೆಕ್ಕದ ಪುಸ್ತಕ, ಇನ್ನೊಂದರಲ್ಲಿ ಮೊಬೈಲ್ ಹಿಡಿದು ನೆಟ್‌ವರ್ಕ್‌ಗಾಗಿ ಧ್ವಜಕಟ್ಟೆ ಹತ್ತಿ ನಿಂತಿದ್ದರು. ಒಳಗೆ ಅವರ ಐದನೇ ತರಗತಿಯ ಮಕ್ಕಳು, ಅರ್ಧಕ್ಕೇ ನಿಂತ ಭಾಗಾಕಾರದ ಲೆಕ್ಕವನ್ನು ಕಪ್ಪುಹಲಗೆಯ ಮೇಲೆ ನೋಡುತ್ತಾ ಕೂತಿದ್ದರು. ಆ ತಾಯಿಯ ಮುಖ ನೋಡಿ ಸಂಕಟವಾಯಿತು.

2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಜನಗಣತಿ, ಚುನಾವಣೆ, ವಿಪತ್ತು ಪರಿಹಾರ ಬಿಟ್ಟರೆ ಶಿಕ್ಷಕರನ್ನು ಬೋಧಕೇತರ ಕೆಲಸಕ್ಕೆ ಹಚ್ಚುವಂತಿಲ್ಲ. ಆದರೆ ಶಾಲೆಯೊಳಗಿನ ಗುಮಾಸ್ತಿಕೆಯ ಹೊರೆ? ಅದೇ ಕಾಯ್ದೆ ಒಂದರಿಂದ ಐದನೇ ತರಗತಿವರೆಗೆ 150ಕ್ಕಿಂತ ಹೆಚ್ಚು ಮಕ್ಕಳಿದ್ದರಷ್ಟೇ ಪ್ರತ್ಯೇಕ ಮುಖ್ಯ ಶಿಕ್ಷಕರನ್ನು ಕೊಡುತ್ತದೆ. ಸಣ್ಣ ಹಳ್ಳಿಗಳಲ್ಲಿ ಪಾಠ, ಬಿಸಿಯೂಟ, ದಾಖಲೆ ಎಲ್ಲವೂ ಒಂದಿಬ್ಬರ ಹೆಗಲಿಗೇ ಬೀಳುತ್ತವೆ.

ಸ್ಮಾರ್ಟ್ ಬೋರ್ಡ್ ಬರಲಿ, ಬೇಡವೆನ್ನುವುದಿಲ್ಲ. ಆದರೆ 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ, ಚಟುವಟಿಕೆಗಳ ಮೂಲಕ ಕಲಿಸುವ ನಲಿಕಲಿ ಪದ್ಧತಿ, ಶಿಕ್ಷಕರು ಮಕ್ಕಳ ಜೊತೆ ನೆಲದ ಮೇಲೆ ಕೂತು ಕಲಿಸಿದ್ದರಿಂದ ಬೆಳೆಯಿತು. ಇಂದಿನ ಮುಖ್ಯ ಶಿಕ್ಷಕರಿಗೆ ಸಹೋದ್ಯೋಗಿಯ ಪಾಠ ಕೂತು ನೋಡಿ ನಾಲ್ಕು ಮಾತು ಚರ್ಚಿಸುವಷ್ಟಾದರೂ ಬಿಡುವು ಬೇಡವೇ?

ಅಕ್ಕಪಕ್ಕದ ಶಾಲೆಗಳ ಗುಂಪಾದ ಪ್ರತಿ ಕ್ಲಸ್ಟರ್‌ಗೆ ಒಬ್ಬ ಲೆಕ್ಕಪತ್ರ ಸಹಾಯಕರನ್ನು ಕೊಡಿ. ಒಂದೇ ಮಾಹಿತಿಯನ್ನು ಮತ್ತೆ ಮತ್ತೆ ಕೇಳುವುದನ್ನು ನಿಲ್ಲಿಸಿ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಗಳಲ್ಲಿ ಕಟ್ಟಡ, ಕಾಂಪೌಂಡಿಗಿಂತ ಮೊದಲು ಮಕ್ಕಳ ಓದಿನ ಮಾತು ಬರಲಿ. ಬರುವ ಜೂನ್‌ನಲ್ಲಿ ಶಾಲೆ ತೆರೆಯುವ ಹೊತ್ತಿಗೆ ಶಿಕ್ಷಣ ಇಲಾಖೆ ಇಷ್ಟನ್ನಾದರೂ ಮಾಡಲಿ.

— ಒಬ್ಬ ಅಜ್ಜ, ತುಮಕೂರು ಜಿಲ್ಲೆ