ಅಪ್ಪನನ್ನು ಮನೆ ಸೇರಿಸಿದವರಿಗೆ

ಅಪ್ಪ ಈಗ ಚೇತರಿಸಿಕೊಂಡಿದ್ದಾರೆ. ಜ್ವರ ಬಿಟ್ಟಿದೆ, ಕಾಲಿನ ಗಾಯ ಮಾಗುತ್ತಿದೆ. ಫೋನ್ ಮಾಡಿ ವಿಚಾರಿಸಿದ ನೆಂಟರಿಗೂ ಊರಿನವರಿಗೂ ನಮಸ್ಕಾರ. ಆದರೆ ಈ ಬರಹ ನಮ್ಮ ಠಾಣೆಯ ಪೊಲೀಸರಿಗೆ ಮತ್ತು ಅಗ್ನಿಶಾಮಕ ದಳದವರಿಗೆ. ಹೆಸರು ಹಾಕುವುದು ಬೇಡ ಎಂದು ಅವರೇ ಹೇಳಿದ್ದರಿಂದ ಯಾರ ಹೆಸರನ್ನೂ ಬರೆಯುತ್ತಿಲ್ಲ.

ಎಂಬತ್ತು ದಾಟಿದ ಅಪ್ಪ ಸೈನ್ಯದಲ್ಲಿದ್ದವರು. ಸೋಮವಾರಪೇಟೆ ಕಡೆಯ ತೋಟದ ಮನೆಯಲ್ಲಿ ಅಮ್ಮನೊಂದಿಗೆ ಇದ್ದಾರೆ. ಮಕ್ಕಳಾದ ನಾವು ಬೆಂಗಳೂರಿನಲ್ಲಿದ್ದೇವೆ. ಕೊಡಗಿನ ಎಷ್ಟೋ ಮನೆಗಳ ಸ್ಥಿತಿ ಇದೇ. ಅಪ್ಪನಿಗೆ ಮರೆವಿನ ಕಾಯಿಲೆ ಶುರುವಾಗಿ ಕೆಲವು ಕಾಲವಾಗಿದೆ. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆ ಹಿಡಿದಿದ್ದ ಒಂದು ಸಂಜೆ, ಅಮ್ಮ ದೇವರಿಗೆ ದೀಪ ಹಚ್ಚಿ ಹೊರಗೆ ಬರುವಷ್ಟರಲ್ಲಿ ಅವರು ಜಗಲಿಯಲ್ಲಿರಲಿಲ್ಲ. ಕರೆಂಟ್ ಇಲ್ಲ, ನೆಟ್‌ವರ್ಕ್ ಇಲ್ಲ, ಆನೆಗಳು ಓಡಾಡುವ ತೋಟ. ಪಕ್ಕದ ಮನೆಯವರು ಸಿಗ್ನಲ್ ಸಿಗುವ ದಿಬ್ಬದವರೆಗೂ ಓಡಿ 112ಕ್ಕೆ ಕರೆ ಮಾಡಿದರು. ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್ ಮೂರಕ್ಕೂ ಈಗ ಅದೊಂದೇ ಸಂಖ್ಯೆ.

ಬಂದವರು ಕತ್ತಲಲ್ಲಿ ದಿಕ್ಕಿಲ್ಲದೆ ಹುಡುಕಲಿಲ್ಲ, ನೇರವಾಗಿ ಕೆರೆಯ ಕಡೆಗೆ ಇಳಿದರು. ಏಕೆಂದರೆ ಬೀಟ್ ಪೊಲೀಸರ ಪುಸ್ತಕದಲ್ಲಿ ಅಪ್ಪನ ವಿವರ ಮೊದಲೇ ಇತ್ತು: ಮಾಜಿ ಸೈನಿಕರು, ಮರೆವು ಇದೆ, ಕಿವಿ ಮಂದ, ಸಂಜೆ ಕೆರೆ ಏರಿಯ ಕಡೆ ಹೋಗುವ ಅಭ್ಯಾಸ. ಹಿರಿಯ ನಾಗರಿಕರ ಪೋಷಣೆ ಮತ್ತು ರಕ್ಷಣೆಗೆಂದು 2007ರಲ್ಲಿ ಬಂದ ಕಾಯ್ದೆಯ ನಿಯಮಗಳಲ್ಲಿ, ಠಾಣೆಗಳು ತಮ್ಮ ವ್ಯಾಪ್ತಿಯ ವೃದ್ಧರ, ಅದರಲ್ಲೂ ಒಂಟಿಯಾಗಿರುವವರ ಪಟ್ಟಿ ಇಟ್ಟುಕೊಂಡು ಆಗಾಗ ಭೇಟಿ ಕೊಡಬೇಕು ಎಂದಿದೆ. ಕಾಗದದಲ್ಲಿರುವ ಈ ಮಾತನ್ನು ನಮ್ಮ ಬೀಟ್‌ನವರು ಮಳೆಯಲ್ಲಿ ನೆನೆದುಕೊಂಡು ಬಂದು ಪಾಲಿಸಿದ್ದರು. ಅಮ್ಮನ ಔಷಧ ತೀರಿದೆಯೇ ಎಂದೂ ಕೇಳಿ ಹೋಗುತ್ತಿದ್ದರು.

ಅಪ್ಪ ಏರಿಯ ಕೆಳಗಿನ ಜಾರು ದಂಡೆಯಲ್ಲಿ, ಸಿಲ್ವರ್ ಓಕ್ ಮರಕ್ಕೆ ಒರಗಿ ನಿಂತಿದ್ದರಂತೆ. ಹಿಡಿದರೆ ಕೈ ಕೊಸರಿಕೊಂಡು, ಡ್ಯೂಟಿ ಬಿಟ್ಟು ಬರುವ ಹಾಗಿಲ್ಲ ಎಂದು ಹಟ ಹಿಡಿದರು. ಬೇರೆಯವರಾಗಿದ್ದರೆ ಎತ್ತಿಕೊಂಡೇ ಬರುತ್ತಿದ್ದರೇನೋ. ಆ ಯುವ ಕಾನ್‌ಸ್ಟೆಬಲ್ ಮಾತ್ರ ಸುರಿಯುವ ಮಳೆಯಲ್ಲಿ ನೆಟ್ಟಗೆ ನಿಂತು ಸೆಲ್ಯೂಟ್ ಹೊಡೆದು, "ಸರ್, ನಿಮ್ಮ ಪಾಳಿ ಮುಗಿಯಿತು, ಈಗ ನನ್ನದು" ಎಂದರು. ಅಪ್ಪ ಕೈಯಲ್ಲಿದ್ದ ಊರುಗೋಲನ್ನು ಅವರಿಗೆ ಒಪ್ಪಿಸಿ, ತಾವೂ ಸೆಲ್ಯೂಟ್ ಹೊಡೆದರು. ಆಮೇಲೆ ಅಗ್ನಿಶಾಮಕ ದಳದವರು ಸೊಂಟಕ್ಕೆ ಹಗ್ಗ ಕಟ್ಟಿ, ಸ್ಟ್ರೆಚರ್ ಮೇಲೆ ಮಲಗಿಸಿ ಮೇಲಕ್ಕೆ ತಂದರು. ಅವರಲ್ಲಿ ಉತ್ತರ ಕರ್ನಾಟಕದ ಒಬ್ಬರು ತಮ್ಮ ರೇನ್‌ಕೋಟ್ ಬಿಚ್ಚಿ ಅಪ್ಪನಿಗೆ ಹೊದಿಸಿ, ಮನೆಗೆ ಬಂದ ಮೇಲೆ ಕಾಲಿನ ಜಿಗಣೆಗಳನ್ನು ಉಪ್ಪು ಹಾಕಿ ಒಂದೊಂದಾಗಿ ತೆಗೆದರು ಎಂದು ಅಮ್ಮ ಇನ್ನೂ ಹೇಳುತ್ತಲೇ ಇರುತ್ತಾರೆ.

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಕುಸಿದಾಗಲೂ ಇದೇ ಇಲಾಖೆಗಳವರು ಕೆಸರಿಗೆ ಇಳಿದಿದ್ದರು. ಆಗ ದೂರದಿಂದ ಹೊಗಳಿದ್ದೆ. ಈಗ ನನ್ನ ಅಪ್ಪನೇ ಉಳಿದಿದ್ದಾರೆ, ಹೇಗೆ ಹೇಳಬೇಕೋ ತಿಳಿಯುತ್ತಿಲ್ಲ. ಹಗ್ಗ ಹಿಡಿದವರಿಗೆ ಎಷ್ಟು ಋಣಿಯೋ, ಯಾವ ಅವಘಡವೂ ಆಗದ ದಿನ ಬಂದು ಆ ನಾಲ್ಕು ಸಾಲು ಬರೆದುಕೊಂಡವರಿಗೂ ಅಷ್ಟೇ ಋಣಿ.

ತಂದೆತಾಯಿಯನ್ನು ತೋಟದಲ್ಲಿ ಬಿಟ್ಟು ಹೊರಗಿರುವವರು ದಯವಿಟ್ಟು ಅವರ ಹೆಸರು, ಕಾಯಿಲೆ, ಅಭ್ಯಾಸ, ಮನೆಯ ದಾರಿ ಎಲ್ಲವನ್ನೂ ಠಾಣೆಗೆ ತಿಳಿಸಿಡಿ. ಹಿರಿಯರ ಸಹಾಯವಾಣಿ 14567 ಉಚಿತ. ಬೀಟ್‌ನವರು ಬಂದಾಗ, ಪೊಲೀಸರು ಮನೆಗೇಕೆ ಬಂದರು ಎಂದು ಮುಜುಗರಪಡಬೇಡಿ.

ನಮ್ಮ ಸುಗ್ಗಿ ಹಬ್ಬ ಹುತ್ತರಿಗೆ ಎರಡೂ ಕಡೆಯವರು ನಮ್ಮ ಮನೆಗೆ ಬರಬೇಕೆಂದು ಅಮ್ಮ ಹೇಳಿದ್ದಾರೆ. ಡ್ಯೂಟಿಯಲ್ಲಿರುವವರಿಗೆ ತಂಬಿಟ್ಟನ್ನು ಠಾಣೆಗೇ ತಲುಪಿಸುತ್ತೇವೆ.