ಟೋಕಿಯೊದಿಂದ ಗೆಳತಿಗೊಂದು ಪತ್ರ: ಅಲ್ಲಿ ಏನೇ ಅಷ್ಟು ಚೆನ್ನಾಗಿರೋದು ಅಂದ್ಯಲ್ಲ

ಪ್ರೀತಿಯ ಬಾಯಿಬಡುಕಿಗೆ,

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡಲು ಆಗಲಿಲ್ಲ. ಒಲೆ ಮೇಲೆ ಸಾರು ಕುದಿಯುತ್ತಿತ್ತು, ಮಗ ಹೋಂವರ್ಕ್ ಹಿಡಿದು ನಿಂತಿದ್ದ. "ಅಲ್ಲಿ ಏನೇ ಅಷ್ಟು ಚೆನ್ನಾಗಿರೋದು? ವಾಪಸ್ ಬರೋ ಮಾತೇ ಎತ್ತಲ್ವಲ್ಲ" ಅಂದೆ. ಇದನ್ನೇ ನನ್ನ ನಾದಿನಿ ಕೇಳಿದ್ದಾಳೆ, ಹಳೇ ಆಫೀಸಿನವರು ಕೇಳಿದ್ದಾರೆ. ಅದಕ್ಕೇ ಎಲ್ಲರೂ ಓದುವ ಹಾಗೆ ಇಲ್ಲೇ ಬರೆಯುತ್ತಿದ್ದೇನೆ, ಬೈಯಬೇಡ. ಮೂರನೇ ಬಕೆಟ್ಟಿನ ವಿಷಯ ಮಾತ್ರ ಎಲ್ಲೂ ಬರೆಯುವುದಿಲ್ಲ, ಆಣೆ.

ಇಲ್ಲಿ ಹೊರದೇಶದವರು ನಾಲ್ಕು ಜನ ಸೇರಿದರೆ ಮೊದಲು ಬರುವುದು ರೈಲಿನ ಮಾತು. ಅದು ನಿಜವೇ. 1964ರ ಅಕ್ಟೋಬರ್‌ನಲ್ಲಿ ಶಿಂಕಾನ್ಸೆನ್ ಎಂಬ ಬುಲೆಟ್ ರೈಲು ಶುರುವಾದಾಗಿನಿಂದ ಅದು ಹಳಿ ತಪ್ಪಿಯೋ ಡಿಕ್ಕಿ ಹೊಡೆದೋ ಒಬ್ಬ ಪ್ರಯಾಣಿಕನೂ ಸತ್ತಿಲ್ಲ. ಊರೊಳಗಿನ ಮೆಟ್ರೋ ತಡವಾದರೆ ಆಫೀಸಿನಲ್ಲಿ ತೋರಿಸಲು ಸ್ಟೇಷನ್ನಿನವರೇ ಚೀಟಿ ಕೊಡುತ್ತಾರೆ. ಆಮೇಲೆ ಕೊಂಬಿನಿ. ಮೂಲೆಗೊಂದರಂತೆ ಇರುವ ಈ ಪುಟ್ಟ ಅಂಗಡಿಯಲ್ಲಿ ರಾತ್ರಿ ಎರಡು ಗಂಟೆಗೂ ಕರೆಂಟ್ ಬಿಲ್ ಕಟ್ಟಬಹುದು, ಪಾರ್ಸೆಲ್ ಕಳಿಸಬಹುದು, ಪ್ರಿಂಟ್ ತೆಗೆಯಬಹುದು. ನಲ್ಲಿ ನೀರನ್ನು ಹಾಗೇ ಕುಡಿಯುತ್ತೇವೆ. ಡಾಕ್ಟರ ಬಿಲ್ಲಿನಲ್ಲಿ ವಿಮೆ ಹೋಗಿ ನಮ್ಮ ಪಾಲಿಗೆ ಬರುವುದು 30%. ಟೋಕಿಯೊದ ವಾರ್ಡುಗಳಲ್ಲಿ ಮಕ್ಕಳಿಗೆ ಅದೂ ಇಲ್ಲ. ಊಟದ ಮಾತು ಬಂದಾಗ ಮಾತ್ರ ನಮ್ಮಂಥ ಸಸ್ಯಾಹಾರಿಗಳು ಸುಮ್ಮನಾಗುತ್ತೇವೆ. ನೋಡಲು ಬರೀ ತರಕಾರಿ ಸೂಪು, ಒಳಗೆ ಒಣಮೀನಿನ ರಸ.

ನನಗೆ ಇವೆಲ್ಲಕ್ಕಿಂತ ಜಾಸ್ತಿ ಇಷ್ಟವಾದದ್ದು ಬೇರೆ. ರಾತ್ರಿ ಹನ್ನೊಂದಕ್ಕೆ ನಿಶಿ-ಕಸಾಯ್ ಸ್ಟೇಷನ್ನಿನಲ್ಲಿ ಇಳಿದು ಒಬ್ಬಳೇ ಮನೆಗೆ ನಡೆದು ಬರುತ್ತೇನೆ ಕಣೇ. ಹಿಂದೆ ಯಾರು ಬರುತ್ತಿದ್ದಾರೆ ಎಂದು ತಿರುಗಿ ನೋಡುವುದಿಲ್ಲ. ಬೆಂಗಳೂರಿನಲ್ಲಿ ನಾವು ಬೀಗದ ಕೈಯನ್ನು ಬೆರಳ ಸಂದಿಯಲ್ಲಿ ಹಿಡಿದು, ಆ ಕಡೆ ಯಾರೂ ಇಲ್ಲದ ಫೋನಿಗೆ "ಅಣ್ಣಾ, ಇನ್ನೇನು ಬಂದೆ" ಎನ್ನುತ್ತಾ ನಡೆಯುತ್ತಿದ್ದೆವಲ್ಲ, ಆ ಅಭ್ಯಾಸ ಯಾವಾಗ ಬಿಟ್ಟುಹೋಯಿತೋ ಗೊತ್ತಿಲ್ಲ. ಭುಜ ಸಡಿಲವಾಗಿದೆ. ಅಷ್ಟು ವರ್ಷ ಬಿಗಿಹಿಡಿದುಕೊಂಡಿದ್ದೆ ಎಂಬುದೇ ಆಗ ತಿಳಿದಿರಲಿಲ್ಲ. ಇಲ್ಲಿ ಹೆಂಗಸರಿಗೆ ಕಾಟವೇ ಇಲ್ಲ ಅಂತಲ್ಲ. ಬೆಳಗಿನ ರಶ್ಶಿನಲ್ಲಿ ನಮ್ಮ ಲೈನಿನಲ್ಲೂ ಹೆಂಗಸರಿಗೇ ಒಂದು ಬೋಗಿ ಮೀಸಲು. ಯಾಕೆ ಇಡಬೇಕಾಯಿತು ಎಂದು ನಿನಗೆ ಹೇಳಬೇಕಾಗಿಲ್ಲ. ಆದರೂ ಆ ರಾತ್ರಿಯ ನಡಿಗೆಯನ್ನು ನಾನು ಯಾವುದಕ್ಕೂ ಬಿಟ್ಟುಕೊಡಲಾರೆ.

ಮಗನೂ ಅಷ್ಟೇ. ಒಂದನೇ ಕ್ಲಾಸಿನಿಂದಲೇ ನಾನಿಲ್ಲದೆ ಶಾಲೆಗೆ ನಡೆದು ಹೋಗುತ್ತಾನೆ. ಮೊದಮೊದಲು ಅವನ ಹಳದಿ ಟೋಪಿ ಮರೆಯಾಗುವವರೆಗೂ ಬಾಲ್ಕನಿಯಲ್ಲಿ ನಿಂತಿರುತ್ತಿದ್ದೆ. ಹೋಗುವ ದಾರಿಯನ್ನು ಶಾಲೆಯವರೇ ಗೊತ್ತು ಮಾಡುತ್ತಾರೆ, ಆಚೀಚೆ ಹೋಗುವಂತಿಲ್ಲ. ಬ್ಯಾಗಿನ ಪಟ್ಟಿಗೆ ಒಂದು ಅಲಾರಂ ನೇತುಹಾಕಿರುತ್ತದೆ, ಎಳೆದರೆ ಬೀದಿಗೆಲ್ಲ ಕೇಳುವಂತೆ ಕಿರುಚುತ್ತದೆ. ದಾರಿಯ ಕೆಲವು ಮನೆ, ಅಂಗಡಿಗಳ ಬಾಗಿಲಲ್ಲಿ 'ಮಕ್ಕಳ 110' ಎಂಬ ಸ್ಟಿಕ್ಕರ್ ಇದೆ. 110 ಇಲ್ಲಿ ಪೊಲೀಸರ ನಂಬರ್. ಹೆದರಿದ ಮಗು ನೇರ ಆ ಮನೆಯೊಳಗೆ ಓಡಿಹೋಗಬಹುದು. ಸಂಜೆ ಬೀದಿಯ ಸ್ಪೀಕರುಗಳಲ್ಲಿ ಒಂದು ರಾಗ ಬರುತ್ತದೆ. ಭೂಕಂಪ, ಪ್ರವಾಹ ಬಂದಾಗ ಎಚ್ಚರಿಸುವ ಸ್ಪೀಕರುಗಳು ಅವು, ಸರಿಯಾಗಿವೆಯಾ ಎಂದು ದಿನಾ ಹೀಗೆ ಪರೀಕ್ಷೆ ಮಾಡುತ್ತಾರೆ. ಮಕ್ಕಳಿಗೆ ಅದೇ ಆಟ ಬಿಟ್ಟು ಮನೆಗೆ ಹೊರಡುವ ಗಂಟೆ. ನನ್ನ ಮಗ ಮಾತ್ರ ಯಾವಾಗಲೂ ಐದು ನಿಮಿಷ ಲೇಟು, ನಿನ್ನ ಹಾಗೆ.

ಇದನ್ನೆಲ್ಲ "ಜಪಾನ್ ತುಂಬಾ ಸೇಫ್" ಎಂಬ ಒಂದೇ ಮಾತಿನಲ್ಲಿ ಮುಗಿಸುತ್ತಿದ್ದೆ. ಹೋದ ತಿಂಗಳು ಊಟಕ್ಕೆ ಕೂತಿದ್ದಾಗ ಮಗ ಕೇಳಿದ: "ಎಲ್ರ ಅಮ್ಮಾನೂ ಸಿಗ್ನಲ್ ಹತ್ರ ಬಾವುಟ ಹಿಡ್ಕೊಂಡು ನಿಲ್ತಾರೆ. ನೀನ್ಯಾಕೆ ಒಂದಿನಾನೂ ಬರಲ್ಲ?"

ಬೆಳಿಗ್ಗೆ ಮಕ್ಕಳು ರಸ್ತೆ ದಾಟುವ ಕಡೆ ಹಳದಿ ಬಾವುಟ ಹಿಡಿದು ನಿಲ್ಲುವವರು ಪೊಲೀಸರಲ್ಲ. ಅಪ್ಪ ಅಮ್ಮಂದಿರು ಸರದಿಯ ಮೇಲೆ ನಿಲ್ಲುತ್ತಾರೆ, ಜೊತೆಗೆ ರಿಟೈರ್ ಆದ ಅಜ್ಜಂದಿರು. ಮಳೆಯಾದರೂ ಸರಿ, ಚಳಿಯಾದರೂ ಸರಿ. ಆ ಪಟ್ಟಿಯಲ್ಲಿ ನನ್ನ ಹೆಸರಿಲ್ಲ. ಮಗ ಶಾಲೆಗೆ ಸೇರಿದಾಗಲೇ "ನಿಮಗೆ ಭಾಷೆ ಕಷ್ಟ ಆಗುತ್ತೆ, ಪರವಾಗಿಲ್ಲ ಬಿಡಿ" ಎಂದು ಪ್ರೀತಿಯಿಂದ ಬಿಟ್ಟಿದ್ದರು. ನನಗೂ ಹಾಯೆನಿಸಿತ್ತು.

ಅವನು ಕೇಳಿದ ಮೇಲೆ ಸುತ್ತ ನೋಡತೊಡಗಿದೆ. ಕಸದ ಚೀಲಗಳನ್ನು ಕಾಗೆ ಎಳೆಯದಂತೆ ಹಾಸುವ ಬಲೆಯನ್ನು ಲಾರಿ ಹೋದ ಮೇಲೆ ಯಾರೋ ಮಡಿಸಿಡುತ್ತಾರೆ. ಸಂಜೆ ನಾಯಿ ಹಿಡಿದು ಸುತ್ತುವ ಹಿರಿಯರ ತೋಳಿನಲ್ಲಿ ಗಸ್ತಿನ ಪಟ್ಟಿ ಇದೆ. ವರ್ಷದ ಕೊನೆಯ ರಾತ್ರಿಗಳಲ್ಲಿ ಮರದ ತುಂಡುಗಳನ್ನು ತಟ್ಟುತ್ತಾ "ಬೆಂಕಿ ಜೋಪಾನ" ಎಂದು ಕೂಗಿಕೊಂಡು ಹೋಗುವವರೂ ಬೀದಿಯವರೇ. ನಾನು ನಿಶ್ಚಿಂತೆಯಿಂದ ನಡೆಯಲಿ ಎಂದು ಇಷ್ಟು ಜನ ಎಚ್ಚರವಾಗಿದ್ದಾರೆ. ಮದುವೆ ಮನೆಗೆ ಬಂದ ನೆಂಟರ ಹಾಗೆ ನಾವು ಎಲೆ ಮುಂದೆ ಕೂತು ಊಟ ಹೊಗಳುತ್ತಿದ್ದೇವೆ.

ಹೊರದೇಶದವರಿಗೆ ಜಪಾನಿನಲ್ಲಿ ಎಲ್ಲಕ್ಕಿಂತ ಹಿತವಾಗುವುದು ಇದೇ ಅಂತ ಈಗ ಅನಿಸುತ್ತದೆ. ಶಿಸ್ತಿನಿಂದ ಬರುವ ಸುಖ ನಮಗೆ ಪೂರ್ತಿ ಸಿಗುತ್ತದೆ, ಅದರ ಭಾರ ಅರ್ಧವೂ ನಮ್ಮ ಮೇಲಿಲ್ಲ. ಆಫೀಸಿನಲ್ಲಿ ನನ್ನ ಪಕ್ಕದವಳು ಬಾಸ್ ಏಳುವವರೆಗೂ ಸೀಟು ಬಿಡುವುದಿಲ್ಲ. ನಾನು ಆರಕ್ಕೆ ಎದ್ದು ಹೊರಟರೆ ಯಾರಿಗೂ ಏನೂ ಅನಿಸುವುದಿಲ್ಲ. ಆದರೆ ಈ ವಿನಾಯಿತಿ ಪುಕ್ಕಟೆ ಅಲ್ಲ. ಇಲ್ಲಿನ ಕಾನೂನು ಸಚಿವಾಲಯ 2017ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಬಾಡಿಗೆ ಮನೆ ಹುಡುಕಿದ ಹೊರದೇಶದವರಲ್ಲಿ 39.3% ಜನ ವಿದೇಶಿ ಎಂಬ ಕಾರಣಕ್ಕೇ ತಮಗೆ ಮನೆ ಕೊಡಲಿಲ್ಲ ಎಂದಿದ್ದರು. ನಮ್ಮವರು ಇಷ್ಟೊಂದು ಜನ ಯುಆರ್ ಎಂಬ ಸರ್ಕಾರಿ ವಸತಿ ಸಂಸ್ಥೆಯ ಬಾಡಿಗೆ ಕಟ್ಟಡಗಳಲ್ಲಿ ಇರುವುದು ಸುಮ್ನೆ ಅಲ್ಲ. ಅಲ್ಲಿ ಜಾಮೀನು ಕೇಳುವುದಿಲ್ಲ, ಮಾಲೀಕರಿಗೆ ಕಾಣಿಕೆ ಎಂದು ಒಂದೆರಡು ತಿಂಗಳ ಬಾಡಿಗೆ ಸುರಿಯಬೇಕಾಗಿಲ್ಲ. ಮನೆ ಕೊಡದವರೂ, ಬಾವುಟ ಕೊಡದವರೂ ನನ್ನನ್ನು ನೋಡುವುದು ಒಂದೇ ರೀತಿ: ಇವಳು ನಾಳೆ ಹೋಗುವವಳು.

ನಾನು ನಾಳೆ ಹೋಗುವವಳಲ್ಲ ಕಣೇ. ಊರಲ್ಲಿ ಎಲ್ಲರಿಗೂ "ಇನ್ನೆರಡು ವರ್ಷ" ಎನ್ನುತ್ತೇನೆ. ಅಮ್ಮನಿಗೂ ಅದನ್ನೇ ಹೇಳುತ್ತೇನೆ. ನನಗೆ ಬರುವ ಮನಸ್ಸಿಲ್ಲ. ಇಲ್ಲಿ ನಾನು ಯಾರ ಸೊಸೆಯೂ ಅಲ್ಲ, ಯಾರ ಅತ್ತಿಗೆಯೂ ಅಲ್ಲ. ಹಬ್ಬಕ್ಕೆ ಯಾಕೆ ಬರಲಿಲ್ಲ, ಎರಡನೆಯದು ಯಾವಾಗ, ಸಂಬಳ ಎಷ್ಟು, ಯಾರೂ ಕೇಳುವುದಿಲ್ಲ. ಯಾರೂ ಕೇಳದಿರುವುದು ನನಗೆ ಅಷ್ಟು ಹಿತವಾಗಿದೆ. ಮಗ ಕೇಳಿಬಿಟ್ಟ, ಎದೆ ಧಸಕ್ಕೆಂದಿತು. ಅವನಿಗೆ ಈ ವಿನಾಯಿತಿ ಇಲ್ಲ. ಎಲ್ಲರ ಜೊತೆ ಕ್ಲಾಸು ಗುಡಿಸುತ್ತಾನೆ. ಬಿಳಿ ಟೋಪಿ ಹಾಕಿಕೊಂಡು ಎಲ್ಲರಿಗೂ ಊಟ ಬಡಿಸುತ್ತಾನೆ, ಆಮೇಲೆ ನಾನು ಕಟ್ಟಿದ ಡಬ್ಬಿ ತೆರೆಯುತ್ತಾನೆ. ಕೆಲಸ ಮಾಡುತ್ತಲೇ ಅವನು ಇಲ್ಲಿಯವನಾಗುತ್ತಿದ್ದಾನೆ. ನಾನು ಅಲ್ಲಿಯವರಿಂದಲೂ ಇಲ್ಲಿಯವರಿಂದಲೂ ತಪ್ಪಿಸಿಕೊಂಡು, ಅದನ್ನೇ ಸುಖ ಎಂದುಕೊಂಡಿದ್ದೇನಾ? ಈ ಭಯವನ್ನು ಮನೆಯವರ ಹತ್ತಿರವೂ ಹೇಳಿಲ್ಲ. ಇಲ್ಲಿ ಎಲ್ಲರ ಮುಂದೆ ಬರೆದುಬಿಟ್ಟೆ ನೋಡು.

ಸಾಕು, ಜಾಸ್ತಿ ಆಯಿತು. ಅಮ್ಮ ಇಲ್ಲೆಲ್ಲ ಬಂದು ಓದುವುದಿಲ್ಲ. ನಿನ್ನ ಬಾಯಿಂದ ಹೋಗಬಾರದು ಅಷ್ಟೇ, ನಾನೇ ಹೇಳುತ್ತೇನೆ.

ಈಗ ಖುಷಿಯ ಸುದ್ದಿ. ಟೀಚರಿಗೆ ಬರೆದು ಬಾವುಟದ ಪಟ್ಟಿಗೆ ಹೆಸರು ಸೇರಿಸಿದ್ದೇನೆ. ಮುಂದಿನ ಸೋಮವಾರ ನನ್ನ ಸರದಿ. ಮಗ ದಿನಾ ಸಂಜೆ ಕೈಗೆ ಪೊರಕೆ ಕೊಟ್ಟು, ತೋಳು ಎಷ್ಟು ಚಾಚಬೇಕು, ಮಕ್ಕಳಿಗೆ ಹೇಗೆ ನಮಸ್ಕಾರ ಹೇಳಬೇಕು ಎಂದು ಕಲಿಸುತ್ತಿದ್ದಾನೆ. ಬಹಳ ಸ್ಟ್ರಿಕ್ಟ್ ಮೇಷ್ಟ್ರು, ನಮ್ಮ ಛತ್ರಿಯವರ ಹಾಗೇ!

ನೀನು ಬರುವುದಾದರೆ ಚೆರ್ರಿ ಹೂವಿನ ಕಾಲಕ್ಕೆ ಬರಬೇಡ, ಎಲ್ಲಿ ನೋಡಿದರೂ ನೂಕುನುಗ್ಗಲು. ನವೆಂಬರ್ ಕೊನೆಗೆ ಬಾ, ಗಿಂಕೊ ಮರಗಳೆಲ್ಲ ಹಳದಿಯಾಗಿರುತ್ತವೆ. ಬೇಳೆ, ರವೆ, ಹುಣಸೆಹಣ್ಣು ಎಲ್ಲ ನಿಶಿ-ಕಸಾಯಲ್ಲೇ ಸಿಗುತ್ತದೆ. ನಿಮ್ಮಮ್ಮನ ಸಾರಿನ ಪುಡಿ ಮಾತ್ರ ತಾ. ಒಬ್ಬಟ್ಟು ತರುವುದಾದರೆ ಆ ಅಂಗಡಿಯದು ಬೇಡ. ಯಾವುದು ಅಂತ ನಿನಗೆ ಗೊತ್ತು.

ನಿನ್ನ,
ಕಿಟಕಿ ಪಕ್ಕದವಳು