ನೂರಾ ಐದು ಹನಿ: ಮಗಳಿಗೊಂದು ಪತ್ರ

ಪ್ರೀತಿಯ ಮಗಳೇ,

ನಿನ್ನೆ ರಾತ್ರಿ ನಾನು ಮಾತು ಮುಗಿಸುವ ಮೊದಲೇ ನೀನು ಫೋನ್ ಇಟ್ಟುಬಿಟ್ಟೆ. ನಿನ್ನ ಜಾಗದಲ್ಲಿ ನಾನಿದ್ದರೂ ಹಾಗೆಯೇ ಮಾಡುತ್ತಿದ್ದೆ. ನಿನ್ನ ಸಂಶೋಧನೆಯ ಕಂಪ್ಯೂಟರ್ ಸಿಮ್ಯುಲೇಶನ್ ಕೊಟ್ಟ ರೇಖಾಚಿತ್ರದಲ್ಲಿ ಅಯೊಡೈಡ್ ಅಯಾನುಗಳು, ಅಂದರೆ ಋಣ ವಿದ್ಯುದಂಶವಿರುವ ಅಯೊಡಿನ್ ಕಣಗಳು, ನೀರಿನ ಮೇಲ್ಮೈಗೆ ಬಂದು ನಿಲ್ಲುತ್ತಿವೆ ಎಂದು ನೀನು ಹೇಳಲು ಹೊರಟೊಡನೆ, "ಪದವಿಯ ಪಾಠವನ್ನೇ ಮರೆತೆಯಾ?" ಎಂದು ಅಡ್ಡ ಬಾಯಿ ಹಾಕಿದವಳು ನಾನು.

ನನ್ನ ಹಟಕ್ಕೂ ಆಧಾರವಿತ್ತು. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶುದ್ಧ ನೀರಿನ ಮೇಲ್ಮೈ ಎಳೆತ, ಅಂದರೆ ಮೇಲ್ಮೈಯನ್ನು ಬಿಗಿಯಾಗಿ ಹಿಡಿದಿಡುವ ಬಲ, ಮೀಟರಿಗೆ ಸುಮಾರು 72 ಮಿಲಿನ್ಯೂಟನ್. ಅಡುಗೆ ಉಪ್ಪು ಕರಗಿಸಿದರೆ ಅದು ಏರುತ್ತದೆ, ಏರಿದರೆ, ಈ ಎಳೆತವನ್ನು ಮೇಲ್ಮೈಯಲ್ಲಿ ಸೇರಿದ ವಸ್ತುವಿನ ಪ್ರಮಾಣಕ್ಕೆ ಜೋಡಿಸುವ ಗಿಬ್ಸ್ ಸಮೀಕರಣದ ಪ್ರಕಾರ ಮೇಲ್ಮೈಯ ಬಳಿ ಉಪ್ಪಿನ ಕೊರತೆ ಇರಲೇಬೇಕು. ಗಾಳಿಯ ಅಂಚಿಗೆ ಬಂದ ಅಯಾನನ್ನು ಅದರದೇ ಪ್ರತಿಬಿಂಬ ವಿದ್ಯುದಂಶ (ಅಂಚಿನ ಆಚೆ ಇದೆಯೆಂದು ಲೆಕ್ಕಕ್ಕಾಗಿ ಊಹಿಸುವ ಅದೇ ಬಗೆಯ ವಿದ್ಯುದಂಶ) ಒಳಕ್ಕೆ ತಳ್ಳುತ್ತದೆ ಎಂದು ವಿಜ್ಞಾನಿಗಳಾದ ಆನ್ಸಾಗರ್ ಮತ್ತು ಸಮರಾಸ್ 1934ರಲ್ಲಿ ಹಾಕಿದ ಲೆಕ್ಕವನ್ನು ನಾನು ವರ್ಷ ವರ್ಷವೂ ಹಲಗೆಯ ಮೇಲೆ ಬರೆದಿದ್ದೇನೆ.

ಆದರೆ ರಾತ್ರಿ ನಿದ್ದೆಗೆಡಿಸಿದ್ದು ನಿನ್ನ ಏಳನೆಯ ತರಗತಿಯ ಆ ಡ್ರಾಪರ್. 5 ಮಿಲಿಲೀಟರ್ ನೀರು 100 ಹನಿಯಾಗಿತ್ತು. ಇನ್ನು ಕರಗದು ಎನ್ನುವಷ್ಟು ಉಪ್ಪು ಬೆರೆಸಿದ ನೀರು 105 ಆಯಿತೆಂದು ನೀನು ಹೇಳಿದೆ. ಎಳೆತ ಹೆಚ್ಚಿದರೆ ಹನಿ ದಪ್ಪವಾಗಬೇಕು, ಎಣಿಕೆ ಇಳಿಯಬೇಕು, ನೀನು ಎಲ್ಲೋ ತಪ್ಪಿದ್ದೀಯ ಎಂದೆ. ನೀನು ಮತ್ತೆ ಎಣಿಸಿದೆ; ಮತ್ತೆ 105. ಮೂರನೆಯ ಸಲ ಪ್ರತಿ ಹನಿಗೂ ನಿನ್ನ ತುಟಿ ಅಲುಗುತ್ತಿತ್ತು, ರಬ್ಬರ್ ಹಿಡಿದ ಬೆರಳು ಬಿಳಿಚಿತ್ತು, ಕೊನೆಗೆ 98 ಎಂದು ಬರೆದು ನನ್ನ ಮುಖ ನೋಡಿದೆ. ನಾನು "ಶಭಾಷ್" ಎಂದೆ.

ಆ ದ್ರಾವಣದ ಎಳೆತ ಸುಮಾರು ಶೇ. 14 ಏರಿದರೆ ಸಾಂದ್ರತೆ ಸುಮಾರು ಶೇ. 20 ಏರುತ್ತದೆ, ಹನಿಯ ತೂಕ ಹೆಚ್ಚಿದರೂ ಗಾತ್ರ ಕುಗ್ಗುತ್ತದೆ. 105 ಎಂಬುದೇ ಸರಿಯಾಗಿತ್ತು. ಇದು ನನಗೆ ಹೊಳೆದು ಎಷ್ಟೋ ವರ್ಷಗಳಾದವು, ನಿನಗೆ ಹೇಳುವ ಧೈರ್ಯ ಮಾತ್ರ ಇವತ್ತಿನವರೆಗೂ ಬರಲಿಲ್ಲ. ಕ್ಷಮಿಸು.

ಯುಂಗ್‌ವಿರ್ತ್ ಮತ್ತು ಟೋಬಿಯಾಸ್ 2001ರಲ್ಲಿ ಪ್ರಕಟಿಸಿದ ಸಿಮ್ಯುಲೇಶನ್‌ಗಳನ್ನು ಬೆಳಿಗ್ಗೆ ಕುಳಿತು ಓದಿದೆ. ಪುಟ್ಟ ಫ್ಲೋರೈಡ್ ನೀರಿನೊಳಗೇ ಉಳಿಯುತ್ತದೆ. ದೊಡ್ಡದಾದ, ಸುಲಭವಾಗಿ ಧ್ರುವೀಕರಣಗೊಳ್ಳುವ (ಸುತ್ತಲಿನ ವಿದ್ಯುದಂಶಗಳ ಸೆಳೆತಕ್ಕೆ ಎಲೆಕ್ಟ್ರಾನ್ ಮೋಡ ಒಂದು ಬದಿಗೆ ವಾಲುವ) ಬ್ರೋಮೈಡ್, ಅಯೊಡೈಡ್‌ಗಳು ಮೇಲೆ ಬರುತ್ತವೆ. ಸೋಡಿಯಂ ಅವುಗಳ ಕೆಳಗೆ ನಿಲ್ಲುತ್ತದೆ. ಗಿಬ್ಸ್ ಸಮೀಕರಣ ಕೊಡುವುದು ಒಟ್ಟು ಮೊತ್ತವನ್ನು. ಮೇಲಿನ ಪದರದಲ್ಲಿ ಹೆಚ್ಚಾದುದಕ್ಕಿಂತ ಅದರ ಕೆಳಗೆ ಕೊರತೆಯೇ ದೊಡ್ಡದಾದರೆ ಮೊತ್ತ ಋಣವಾಗಿಯೇ ಉಳಿಯುತ್ತದೆ. ಇದನ್ನೇ ನೀನು ಹೇಳಹೊರಟಿದ್ದೆ ಎಂದು ಈಗ ಅರ್ಥವಾಗಿದೆ, ಹೆಮ್ಮೆಯೂ ಆಗಿದೆ. ಆದರೂ ಗಿಬ್ಸ್ ಸೋತಿಲ್ಲ ಎಂಬುದನ್ನು ಗಮನಿಸು.

ನಾಳೆ ಮಾರ್ಗದರ್ಶಕರ ಮುಂದೆ ಆ ರೇಖಾಚಿತ್ರವನ್ನು ಇಡುವಾಗ ನೀನು ಮತ್ತೆ ಎದುರಿನವರ ಮುಖ ನೋಡಿ 98 ಎಂದು ಬರೆದುಬಿಟ್ಟರೆ ಎಂಬ ಭಯ ನನಗಿದೆ. ಧ್ರುವೀಕರಣವನ್ನು ಬಿಟ್ಟ ಮಾದರಿಯಲ್ಲೂ ಒಮ್ಮೆ ನಡೆಸಿ ನೋಡು, ಎರಡನ್ನೂ ಪಕ್ಕಪಕ್ಕ ಇಡು, ಪ್ರತಿ ಫಲಿತಾಂಶಕ್ಕೂ ದಿನಾಂಕ ಹಾಕು, ಊಟ ಬಿಡಬೇಡ. ಪಾಠ ಮಾಡಬಾರದೆಂದೇ ಬರೆಯಲು ಕುಳಿತಿದ್ದೆ.

ಸೋಡಿಯಂ ಎಷ್ಟು ಕೆಳಗೆ ನಿಂತಿದೆ ಎಂದು ನಿನ್ನೆ ಹೇಳುತ್ತಿದ್ದೆಯಲ್ಲ, ನಾನು ತುಂಡರಿಸಿದ ಆ ವಾಕ್ಯದ ಉಳಿದರ್ಧ ನನಗೆ ಬೇಕು.

ನಿನ್ನ,
ಅಮ್ಮ